ತಕ್ಕಡಿಗೆ ಮುದ್ರೆ, ಲಾರಿ ಮೀಟರಿಗೆ ದೇವರೇ ಗತಿ!

ಸಂತೆಪೇಟೆಯ ಅಂಗಡಿಯಲ್ಲಿ ಅರ್ಧ ಕೇಜಿ ಬೆಲ್ಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರಿ ಮುದ್ರೆ ಬೀಳಲೇಬೇಕು. ತಪ್ಪಿದರೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ಕೇಸು ಜಡಿಯುತ್ತಾರೆ. ಹಳೇ ಕಾಲದ ಕೈ ತಕ್ಕಡಿ, ಕಬ್ಬಿಣದ ತೂಕಗಳಾದರೆ ಎರಡು ವರ್ಷಕ್ಕೊಮ್ಮೆ. ಆಟೋ ಮೀಟರಿಗೂ ಸೀಲು, ಪೆಟ್ರೋಲ್ ಬಂಕಿನ ಪಂಪಿಗೂ ಸೀಲು. 2025ರ ಜುಲೈ 1ರಿಂದ ರಸ್ತೆ ಬದಿ ನಿಂತು ವಾಹನಗಳ ವೇಗ ಹಿಡಿಯುವ ರೇಡಾರ್ ಯಂತ್ರಕ್ಕೂ ಇದೇ ಶಾಸ್ತ್ರ ಬಂದಿದೆ. ಪರೀಕ್ಷೆಯಾಗಿ ಮುದ್ರೆ ಬಿದ್ದ ಮೇಲೇ ಅದನ್ನು ರಸ್ತೆಗೆ ತರಬೇಕೆಂದು ಕೇಂದ್ರ ಸರ್ಕಾರ ಕಾನೂನು ಮಾಪನಶಾಸ್ತ್ರದ ನಿಯಮಗಳಿಗೆ ಹೊಸದಾಗಿ ಸೇರಿಸಿದೆ. ಒಳ್ಳೆಯದೇ ಆಯಿತು.

ಆದರೆ ಹೀಗೆ ಅಳೆಯುವ ಸಾಮಾನುಗಳೆಲ್ಲ ಒಂದೊಂದಾಗಿ ಮುದ್ರೆಯ ಸಾಲಿನಲ್ಲಿ ನಿಲ್ಲುತ್ತಿರುವಾಗ ಒಂದು ಸಾಮಾನು ಮಾತ್ರ ಸಾಲಿನಿಂದ ಹೊರಗೇ ಉಳಿದಿದೆ. ಲೋಡು ಸೇರಿ 28.5 ಟನ್ ತೂಗುವ ಹತ್ತು ಚಕ್ರದ ಲಾರಿಯಲ್ಲಿ ಡ್ರೈವರ್‌ನ ಕಣ್ಣೆದುರು ಕೂತಿರುವ ಸ್ಪೀಡೋಮೀಟರು. ಅದು ಹೇಳುವುದು ನಿಜವೋ ಸುಳ್ಳೋ ಎಂದು ಕೇಳುವ ದಿನ ಒಂದೇ, ಎಫ್.ಸಿ. ದಿನ. ಎಂಟು ವರ್ಷದೊಳಗಿನ ಗಾಡಿಗೆ ಅದು ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ ಬರುತ್ತದೆ. ಆ ದಿನವೂ ಬ್ರೇಕು, ಲೈಟು, ಹೊಗೆ ನೋಡಿದ ಮೇಲೆ ಮುಳ್ಳು ಅಲ್ಲಾಡಿತೆಂದರೆ ಸಾಕು, ಪಾಸು. ಅಲ್ಲಾಡಿದ ಮುಳ್ಳು ಸರಿಯಾಗಿ ಅಲ್ಲಾಡಿತೇ ಎಂಬ ಪ್ರಶ್ನೆ ಬೇರೆ.

ರೇಡಾರಿಗೆ ಮುದ್ರೆ ಬಿದ್ದ ಮೇಲೆ ಇದು ಸಣ್ಣ ವಿಷಯವಾಗಿ ಉಳಿದಿಲ್ಲ. ಮುಂಚೆ ದಂಡ ಹಾಕಿದರೆ "ನಿಮ್ಮ ಮೆಷಿನ್ ಸರಿ ಇಲ್ಲ ಸಾರ್" ಎಂದು ವಾದ ಹೂಡಬಹುದಿತ್ತು. ಈಗ ಆ ಕಡೆಯವರ ಕೈಯಲ್ಲಿ ಸರ್ಟಿಫಿಕೇಟು ಇರುತ್ತದೆ. ಈ ಕಡೆಯವನ ಹತ್ತಿರ ಇರುವುದು ಯಾರೂ ಪರೀಕ್ಷೆ ಮಾಡದ ಒಂದು ಮುಳ್ಳು.

ಎಂಬತ್ತರ ಗೆರೆ

2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯ ಪ್ರಕಾರ ಸರಕು ಲಾರಿಗೆ ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್, ಊರೊಳಗೆ ಮತ್ತು ಉಳಿದ ರಸ್ತೆಗಳಲ್ಲಿ 60. ಇದು ಮೇಲಿನ ಮಿತಿ. ಜಾಗ ನೋಡಿ ಇದಕ್ಕಿಂತ ಕಡಿಮೆ ಮಾಡುವ ಅಧಿಕಾರ ಸ್ಥಳೀಯರಿಗಿದೆ. ಮಿತಿ ಮೀರಿದ ಭಾರಿ ವಾಹನಕ್ಕೆ 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಪ್ರಕಾರ 2,000ದಿಂದ 4,000 ರೂಪಾಯಿವರೆಗೆ ದಂಡ. ಎರಡನೇ ಸಲ ಸಿಕ್ಕಿಬಿದ್ದರೆ ಲೈಸೆನ್ಸಿಗೇ ಕುತ್ತು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2024ರಿಂದ ಕ್ಯಾಮೆರಾಗಳು ವೇಗ ಹಿಡಿದು ನೋಟಿಸು ಕಳಿಸುತ್ತಿರುವುದನ್ನು ಎಲ್ಲರೂ ಬಲ್ಲರು. ಅಲ್ಲಿ ನಡೆದದ್ದು ಇತರ ಹೆದ್ದಾರಿಗಳಿಗೂ ಬರಲು ಬಹಳ ದಿನ ಬೇಕಿಲ್ಲ.

ಲೈಸೆನ್ಸು ಹೋದರೆ ಡ್ರೈವರ್ ಮನೆಯ ಒಲೆ ಹತ್ತುವುದಿಲ್ಲ. ಮಾಲೀಕರಿಗೆ ಇನ್ನೊಬ್ಬ ಡ್ರೈವರ್ ಸಿಗಬಹುದು, ಡ್ರೈವರ್‌ಗೆ ಇನ್ನೊಂದು ಲೈಸೆನ್ಸು ಸಿಗುವುದಿಲ್ಲ. "ಮೀಟರ್‌ನಲ್ಲಿ ಎಪ್ಪತ್ತೆಂಟೇ ಇತ್ತು ಸಾರ್" ಎಂದರೆ ಕಾನೂನಿನಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ದಂಡದ ಮಾತು ಪಕ್ಕಕ್ಕಿಡಿ. ವೇಗ ಹತ್ತು ಪರ್ಸೆಂಟ್ ಜಾಸ್ತಿಯಾದರೆ ಡಿಕ್ಕಿಯ ಶಕ್ತಿ ಇಪ್ಪತ್ತೊಂದು ಪರ್ಸೆಂಟ್ ಜಾಸ್ತಿ. ಬ್ರೇಕು ನುಂಗಬೇಕಾದದ್ದೂ ಅಷ್ಟೇ. ಅರವತ್ತು ಎಂದುಕೊಂಡು ಅರವತ್ತಾರರಲ್ಲಿ ಬರುವ ಲಾರಿಗೆ ಊರ ಮುಂದಿನ ಹಂಪು ಹತ್ತಿರವಾಗಿ ಕಾಣುವುದೇ ಇಲ್ಲ, ಕಂಡಾಗ ನಿಲ್ಲುವುದೂ ಇಲ್ಲ.

ಮುಳ್ಳು ಹುಟ್ಟುವುದು ಎಲ್ಲಿ?

ಸ್ಪೀಡೋಮೀಟರು ರಸ್ತೆಯನ್ನು ನೋಡುವುದಿಲ್ಲ. ಅದು ಎಣಿಸುವುದು ಗೇರ್‌ಬಾಕ್ಸಿನ ಹಿಂದಿನ ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಂಬುದನ್ನು. ಅಲ್ಲಿಂದ ಚಕ್ರಕ್ಕೆ ಎಷ್ಟು, ಚಕ್ರದಿಂದ ರಸ್ತೆಗೆ ಎಷ್ಟು ಎಂಬುದು ಕಂಪನಿಯವರು ಮೊದಲೇ ಹಾಕಿಟ್ಟ ಲೆಕ್ಕ. ಆ ಲೆಕ್ಕದ ನಡುವೆ ಎಲ್ಲಾದರೂ ಒಂದು ಸಾಮಾನು ಬದಲಾದರೆ ಮುಳ್ಳು ಹೇಳುವುದೆಲ್ಲ ಹಳೇ ಲೆಕ್ಕವೇ.

ಹಳೇ ಗಾಡಿಗಳಲ್ಲಿ ಗೇರ್‌ಬಾಕ್ಸಿನಿಂದ ಒಂದು ತಂತಿ ಕೇಬಲ್ ತಿರುಗುತ್ತಾ ಡ್ಯಾಶ್‌ಬೋರ್ಡಿಗೆ ಬರುತ್ತದೆ. ಅದರ ತುದಿಯಲ್ಲಿ ಒಂದು ಅಯಸ್ಕಾಂತ, ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದಂತೆ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ. ಕೂದಲೆಳೆಯಂಥ ಒಂದು ಸ್ಪ್ರಿಂಗು ಬಟ್ಟಲನ್ನು ಹಿಂದಕ್ಕೆ ಜಗ್ಗುತ್ತದೆ. ಇವೆರಡರ ಜಗ್ಗಾಟದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೋ ಅದೇ ವೇಗ. ಜರ್ಮನಿಯ ಓಟ್ಟೋ ಶುಲ್ಟ್ಸೆ ಎಂಬಾತ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ನೂರು ವರ್ಷ ದಾಟಿದರೂ ಹಳೇ ಲಾರಿಗಳಲ್ಲಿ ಇದೇ ಉಪಾಯ. ಅಯಸ್ಕಾಂತ ಸೊರಗಿದರೆ ಮುಳ್ಳು ಕಡಿಮೆ ತೋರಿಸುತ್ತದೆ, ಸ್ಪ್ರಿಂಗು ಸೊರಗಿದರೆ ಜಾಸ್ತಿ. ಕೇಬಲ್ ಒಣಗಿದ್ದರೆ ಅಥವಾ ಎಲ್ಲೋ ಮಡಚಿಕೊಂಡಿದ್ದರೆ ಮುಳ್ಳು ಜಾತ್ರೆಯ ಕುದುರೆಯಂತೆ ಕುಣಿಯುತ್ತದೆ. ಅದಕ್ಕೆಂದು ಕೈತುಂಬ ಗ್ರೀಸ್ ತುಂಬುವ ಪುಣ್ಯಾತ್ಮರೂ ಇದ್ದಾರೆ. ಗ್ರೀಸ್ ಮೇಲೇರಿ ಮೀಟರ್ ಒಳಗೆ ಹೋದರೆ ಇನ್ನೊಂದು ರೋಗ ಶುರು.

ಹೊಸ ಗಾಡಿಗಳಲ್ಲಿ ಕೇಬಲ್ ಇಲ್ಲ. ಗೇರ್‌ಬಾಕ್ಸಿನ ಮೇಲೆ ಒಂದು ಸೆನ್ಸರ್, ಶಾಫ್ಟ್ ತಿರುಗಿದಂತೆಲ್ಲ ಟಿಕ್ ಟಿಕ್ ಎಂದು ಕರೆಂಟಿನ ಮಿಡಿತ ಕಳಿಸುತ್ತದೆ. ಒಂದು ಕಿಲೋಮೀಟರಿಗೆ ಇಷ್ಟು ಮಿಡಿತ ಎಂದು ಮೀಟರಿನೊಳಗೆ ಒಂದು ಸಂಖ್ಯೆ ಬರೆದಿಟ್ಟಿರುತ್ತಾರೆ. ಸ್ಪ್ರಿಂಗು, ಅಯಸ್ಕಾಂತಗಳ ಕಾಟ ಇಲ್ಲಿಲ್ಲ. ಆದರೆ ಟೈರಿನ ಕಾಟ ಎರಡಕ್ಕೂ ಒಂದೇ.

ಎಲ್ಲ ಟೈರಿನ ಮಹಿಮೆ

ಲಾರಿಗಳಿಗೆ ಸಾಮಾನ್ಯವಾಗಿ ಹಾಕುವ 10.00-20 ಟೈರಿನ ಅಡ್ಡಳತೆ ಹೊಸದರಲ್ಲಿ ಸುಮಾರು 1,050 ಮಿಲಿಮೀಟರ್. ಒಂದು ಸುತ್ತಿಗೆ 3.3 ಮೀಟರ್ ರಸ್ತೆ, ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ ಮುನ್ನೂರು ಸುತ್ತು. ಟೈರು ಸವೆದು 12 ಮಿಲಿಮೀಟರ್ ರಬ್ಬರು ಹೋಯಿತೆಂದರೆ ಎರಡೂ ಕಡೆ ಸೇರಿ ಅಡ್ಡಳತೆ 24 ಮಿಲಿಮೀಟರ್ ಇಳಿಯಿತು. ಅಂದರೆ ಎರಡು ಪರ್ಸೆಂಟಿಗೂ ಮೇಲೆ. ಅದೇ ದೂರಕ್ಕೆ ಚಕ್ರ ಜಾಸ್ತಿ ಸುತ್ತಬೇಕು, ಮುಳ್ಳು ಜಾಸ್ತಿ ತೋರಿಸುತ್ತದೆ. ಸವೆದ ಟೈರಿನ ಲಾರಿಯಲ್ಲಿ ಮುಳ್ಳು ಎಂಬತ್ತು ಎಂದರೆ ನಿಜವಾದ ವೇಗ ಎಪ್ಪತ್ತೆಂಟು. ಇದರಿಂದ ದಂಡದ ಭಯವೇನೂ ಇಲ್ಲ, ಬೋಳು ಟೈರಿನ ಭಯ ಮಾತ್ರ.

ಉಲ್ಟಾ ಆದಾಗ ತೊಂದರೆ. 9.00-20 ಟೈರಿಗೆಂದು ಬಂದ ಗಾಡಿಗೆ ಲೋಡು ತಡೆಯಲಿ ಎಂದು 10.00-20 ಹಾಕಿಸುವುದು, ಹತ್ತರದ್ದಕ್ಕೆ ಹನ್ನೊಂದರದ್ದು ಹಾಕಿಸುವುದು ಲಾರಿ ಲೋಕದಲ್ಲಿ ಹೊಸದಲ್ಲ. ಒಂದೊಂದು ಮೆಟ್ಟಿಲಿಗೆ ಅಡ್ಡಳತೆ ಸುಮಾರು ಮೂರು ಪರ್ಸೆಂಟ್ ಏರುತ್ತದೆ. ಚಕ್ರ ಕಡಿಮೆ ಸುತ್ತಿ ಜಾಸ್ತಿ ದೂರ ಹೋಗುತ್ತದೆ. ಮುಳ್ಳು ಎಂಬತ್ತರಲ್ಲೇ ಇರುತ್ತದೆ, ಲಾರಿ ಎಂಬತ್ತೆರಡೂವರೆಯಲ್ಲಿರುತ್ತದೆ. ಕ್ರೌನ್ ಪಿನಿಯನ್ ಹೋಯಿತೆಂದು ಗುಜರಿಯಿಂದ ಬೇರೆ ಹಲ್ಲಿನದು ತಂದು ಹಾಕಿಸಿದ್ದರಂತೂ ಕೇಳಲೇಬೇಡಿ. ಎಷ್ಟು ಹಲ್ಲು ವ್ಯತ್ಯಾಸವೋ ಅಷ್ಟೂ ಮೀಟರಿನಲ್ಲಿ ಸುಳ್ಳಾಗಿ ಹೊರಬೀಳುತ್ತದೆ.

ಕಂಪನಿಯೇ ಹೇಳುವ ಸುಳ್ಳು

ಇಲ್ಲೊಂದು ಸ್ವಾರಸ್ಯವಿದೆ. ಕಾರ್ಖಾನೆಯಿಂದ ಹೊಸದಾಗಿ ಬರುವ ಗಾಡಿಯ ಮುಳ್ಳು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಅದೂ ಬೇಕೆಂದೇ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವಾಹನ ನಿಯಮಗಳಲ್ಲಿ 39ನೆಯದು ಹೇಳುವುದು ಇಷ್ಟು: ಮುಳ್ಳು ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಜಾಸ್ತಿ ತೋರಿಸಬಹುದು, ಆದರೆ ನಿಜ ವೇಗದ ಹತ್ತು ಪರ್ಸೆಂಟ್ ಮತ್ತು ಅದರ ಮೇಲೆ ನಾಲ್ಕಾರು ಕಿಲೋಮೀಟರ್ ಮೀರಬಾರದು. ಅಂದರೆ ನಿಜ ಎಂಬತ್ತರಲ್ಲಿ ಮುಳ್ಳು ತೊಂಬತ್ತು ದಾಟಿದರೂ ಆ ನಿಯಮದ ಕಣ್ಣಿಗೆ ತಪ್ಪಲ್ಲ. ಟೈರು, ಗಾಳಿ, ಲೋಡು ಏನೇ ಹೆಚ್ಚುಕಡಿಮೆಯಾದರೂ ಡ್ರೈವರ್ ಮಿತಿಯೊಳಗೇ ಇರಲಿ ಎಂಬ ಮುಂಜಾಗ್ರತೆ.

ಮುಂಜಾಗ್ರತೆಯೇನೋ ಸರಿ. ಆದರೆ ಡ್ರೈವರುಗಳು ದಡ್ಡರಲ್ಲ. ನಾಲ್ಕು ದಿನ ಓಡಿಸಿದ ಮೇಲೆ "ಈ ಗಾಡಿ ಮೀಟರ್ ಎಂಟು ಜಾಸ್ತಿ ತೋರಿಸ್ತದೆ" ಎಂದು ಕಂಡುಕೊಳ್ಳುತ್ತಾರೆ. ಎಂಬತ್ತೆಂಟರವರೆಗೆ ಹೊಡೆಯುವುದು ರೂಢಿಯಾಗುತ್ತದೆ. ಆ ರೂಢಿ ಡ್ರೈವರ್ ಜೊತೆಗೇ ಇನ್ನೊಂದು ಲಾರಿಗೆ ಹತ್ತುತ್ತದೆ. ಆ ಲಾರಿ ಹಳೆಯದು, ದೊಡ್ಡ ಟೈರು ಹಾಕಿಸಿದ್ದು, ಮೂರು ಪರ್ಸೆಂಟ್ ಕಡಿಮೆ ತೋರಿಸುವಂಥದ್ದು. ಅಲ್ಲಿ ಮುಳ್ಳು ಎಂಬತ್ತೆಂಟು ಎಂದಾಗ ಲಾರಿ ತೊಂಬತ್ತನ್ನು ದಾಟಿರುತ್ತದೆ. ಒಂದು ಗಾಡಿಯಲ್ಲಿ ಕಲಿತ ಬುದ್ಧಿ ಇನ್ನೊಂದರಲ್ಲಿ ಮುಳುವಾಗುವುದು ಹೀಗೆ. ಒಬ್ಬನೇ ಡ್ರೈವರ್ ಒಂದೇ ಲಾರಿಗೆ ಅಂಟಿಕೊಂಡಿರುತ್ತಿದ್ದ ಕಾಲ ಹೋಗಿ, ಯಾರು ಸಿಕ್ಕರೆ ಅವರ ಕೈಗೆ ಕೀಲಿ ಕೊಡುವ ಕಾಲ ಬಂದಿರುವುದರಿಂದ ಇದು ಮಾಲೀಕರು ಯೋಚಿಸಬೇಕಾದ ಮಾತು.

ಡೀಸೆಲ್ ಜಗಳ

ಮಾಲೀಕರಿಗೂ ಡ್ರೈವರಿಗೂ ನಡುವೆ ನಡೆಯುವ ಜಗಳಗಳಲ್ಲಿ ಅತ್ಯಂತ ಹಳೆಯದು ಡೀಸೆಲ್ಲಿನದು. ತಿಂಗಳ ಕೊನೆಗೆ ಲೆಕ್ಕಕ್ಕೆ ಕೂತಾಗ ಮಾತು ಸಾಮಾನ್ಯವಾಗಿ ಹೀಗೇ ಶುರುವಾಗುತ್ತದೆ.

"ಏನಪ್ಪಾ, ಹೋದ ತಿಂಗಳು ಲೀಟರಿಗೆ ನಾಲ್ಕು ಕೊಡ್ತಿದ್ದ ಗಾಡಿ ಈ ತಿಂಗಳು ಯಾಕೋ ಕಡಿಮೆ ಬಂದದೆ?"

"ಇಲ್ಲ ಸಾವ್ಕಾರ್ರೇ, ಅದೇ ರೂಟು, ಅದೇ ಲೋಡು."

"ಮತ್ತೆ ಡೀಸೆಲ್ ಎಲ್ಲಿ ಹೋಯ್ತು? ಗಾಳಿಗೆ ಹಾರಿತಾ?"

ಎಷ್ಟೋ ಸಲ ಡೀಸೆಲ್ ನಿಜವಾಗಿಯೂ ಕ್ಯಾನಿಗೆ ಹೋಗಿರುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಎಷ್ಟೋ ಸಲ ಹೋಗಿರುವುದಿಲ್ಲ. ಆ ತಿಂಗಳ ಮೊದಲ ವಾರದಲ್ಲಿ ಹಿಂದಿನ ಚಕ್ರಗಳಿಗೆ ಒಂದು ಸೈಜು ದೊಡ್ಡ ಟೈರು ಬಿದ್ದಿರುತ್ತದೆ. ಲೆಕ್ಕ ಹಾಕಿ ನೋಡಿ. ಲಾರಿ ನಿಜವಾಗಿ ಓಡಿದ್ದು 8,000 ಕಿಲೋಮೀಟರ್, ಲೀಟರಿಗೆ ನಾಲ್ಕರಂತೆ ಕುಡಿದದ್ದು 2,000 ಲೀಟರ್. ಆದರೆ ಮೀಟರಿನ ಅಂಕಿ ಮೂರು ಪರ್ಸೆಂಟ್ ಕಡಿಮೆ, 7,760 ಮಾತ್ರ. ಅಷ್ಟಕ್ಕೆ ನಾಲ್ಕರ ಲೆಕ್ಕದಲ್ಲಿ ಬೇಕಾದ ಡೀಸೆಲ್ 1,940 ಲೀಟರ್. ಉಳಿದ ಅರವತ್ತು ಲೀಟರಿಗೆ ಡ್ರೈವರ್ ಉತ್ತರ ಕೊಡಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ 5,400 ರೂಪಾಯಿ. ಸಂಬಳದಲ್ಲಿ ಮುರಿದುಕೊಂಡರೆ ಡ್ರೈವರ್ ಬಿಟ್ಟು ಹೋಗುತ್ತಾನೆ, ಮುರಿಯದಿದ್ದರೆ ಮಾಲೀಕರ ಮನಸ್ಸಿನಲ್ಲಿ ಕಳ್ಳನಾಗಿ ಉಳಿಯುತ್ತಾನೆ. ಮೀಟರ್ ಮಾತ್ರ ಏನೂ ಗೊತ್ತಿಲ್ಲದಂತೆ ಡ್ಯಾಶ್‌ಬೋರ್ಡಿನಲ್ಲಿ ಕೂತಿರುತ್ತದೆ.

ಇದೇ ಸುಳ್ಳು ಅಂಗಡಿಯವರ ಬಾಗಿಲಿಗೂ ಬರುತ್ತದೆ. ಕಿಲೋಮೀಟರಿಗೆ ಇಷ್ಟು ಎಂದು ಬಾಡಿಗೆ ಮಾತಾಡಿ ಬೆಂಗಳೂರಿಂದ ಸಾಮಾನು ತರಿಸುವ ಕಿರಾಣಿಯವರು, ಬಟ್ಟೆಯವರು ನಂಬುವುದು ಟೆಂಪೋ ಮೀಟರಿನ ಅಂಕಿಯನ್ನೇ. ಟೈರು ಸವೆದು ಬೋಳಾಗಿದ್ದರೆ, ಅಥವಾ ಸಣ್ಣ ಸೈಜಿನದು ಹಾಕಿದ್ದರೆ, ಹೋಗಿಬರುವ ನಾನೂರು ಕಿಲೋಮೀಟರಿಗೆ ಮೀಟರ್ ಹತ್ತು ಹನ್ನೆರಡು ಕಿಲೋಮೀಟರ್ ಜಾಸ್ತಿ ಬರೆದಿರುತ್ತದೆ. ಬೆಲ್ಲದಲ್ಲಿ ಹತ್ತು ಗ್ರಾಂ ಕಡಿಮೆ ಬಂದರೆ ಗಿರಾಕಿ ಬೀದಿಗೆ ಎಳೆಯುತ್ತಾನೆ, ಬಾಡಿಗೆಯಲ್ಲಿ ಹನ್ನೆರಡು ಕಿಲೋಮೀಟರ್ ಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕಲ್ಲು ಸುಳ್ಳು ಹೇಳುವುದಿಲ್ಲ

ಪರೀಕ್ಷೆಗೆ ಕಾಸು ಬೇಕಿಲ್ಲ. ಗಂಟೆಗೆ ಅರವತ್ತು ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಳದಿ ತಲೆಯ ಕಲ್ಲು ಕಿಲೋಮೀಟರಿಗೊಂದರಂತೆ ನಿಂತಿದೆ. ಮುಳ್ಳನ್ನು ಅರವತ್ತರಲ್ಲೇ ಹಿಡಿದು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಅರವತ್ತು ಸೆಕೆಂಡು ಹಿಡಿದರೆ ಮೀಟರ್ ಸಾಚಾ. ಜಾಸ್ತಿ ಹಿಡಿದರೆ ಮುಳ್ಳು ಹೆಚ್ಚು ಹೇಳುತ್ತಿದೆ, ಕಡಿಮೆ ಹಿಡಿದರೆ ಮುಳ್ಳು ಕಡಿಮೆ ಹೇಳುತ್ತಿದೆ. 3,600ನ್ನು ಸೆಕೆಂಡಿನಿಂದ ಭಾಗಿಸಿದರೆ ನಿಜವಾದ ವೇಗ.

ಒಂದೇ ಕಿಲೋಮೀಟರಿಗೆ ತೀರ್ಪು ಕೊಡುವುದು ತಪ್ಪು. ಗಡಿಯಾರ ಒತ್ತುವುದರಲ್ಲಿ ಒಂದು ಸೆಕೆಂಡು ಆಚೀಚೆಯಾದರೆ ವೇಗದಲ್ಲಿ ಒಂದು ಕಿಲೋಮೀಟರ್ ಹೋಯಿತು. ರಸ್ತೆ ಅಗಲ ಮಾಡುವಾಗ ಕಿತ್ತು ನೆಟ್ಟ ಕಲ್ಲು ಸರಿ ಜಾಗದಲ್ಲೇ ಇದೆಯೆಂದು ಹೇಳಲೂ ಆಗದು. ಆದ್ದರಿಂದ ಐದು ಕಲ್ಲು ದಾಟಬೇಕು. ಅರವತ್ತರಲ್ಲಿ ಐದು ಕಿಲೋಮೀಟರಿಗೆ 300 ಸೆಕೆಂಡು. 318 ಹಿಡಿದರೆ ನಿಜ ವೇಗ ಐವತ್ತಾರೂವರೆ. 288 ಹಿಡಿದರೆ ಅರವತ್ತೆರಡೂವರೆ. ಎರಡನೆಯ ಉತ್ತರ ಬಂದವರು ಆವತ್ತೇ ಗ್ಯಾರೇಜಿನ ಕಡೆ ತಿರುಗುವುದು ಲೇಸು.

ಹಿರಿಯೂರು ದಾಟಿ ಐಮಂಗಲದ ಕಡೆ ಬೆಳಗಿನ ಜಾವ ಹೊರಟರೆ ಟ್ರಾಫಿಕ್ ಕಡಿಮೆ. ಏರು, ಇಳಿಜಾರು ಬಿಟ್ಟು ಮಟ್ಟ ರಸ್ತೆ ಆರಿಸಬೇಕು. ಎಡ ಪಥದಲ್ಲೇ ಇರಬೇಕು. ಟೈರಿನ ಗಾಳಿ ಮೊದಲೇ ನೋಡಿರಬೇಕು, ಸಾಧ್ಯವಾದರೆ ಮಾಮೂಲಿ ಲೋಡು ಇದ್ದಾಗಲೇ ಮಾಡಬೇಕು. ಮುಳ್ಳು ನೋಡುವುದು ಡ್ರೈವರ್ ಕೆಲಸ, ಕಲ್ಲು ಮತ್ತು ಗಡಿಯಾರ ಕ್ಲೀನರ್ ಕೆಲಸ. ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಹೊರಟರೆ ಮೀಟರಿಗಿಂತ ಮೊದಲು ಲಾರಿಯೇ ರಿಪೇರಿಗೆ ಬರುತ್ತದೆ.

ಮೊಬೈಲಿನಲ್ಲಿ ಉಪಗ್ರಹದಿಂದ ವೇಗ ತೋರಿಸುವ ಸೌಲಭ್ಯ ಬಂದಿದೆಯಲ್ಲ ಎನ್ನುವವರಿದ್ದಾರೆ. ಬಂದಿದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬಯಲಿನಲ್ಲಿ ಒಂದೇ ವೇಗದಲ್ಲಿ ಹತ್ತು ಹದಿನೈದು ಸೆಕೆಂಡು ಹೋದರೆ ಅದರ ಅಂಕಿ ಲಾರಿ ಮೀಟರಿಗಿಂತ ನಂಬಿಕಸ್ಥ. ವೇಗ ಏರಿಸುವಾಗ, ಇಳಿಸುವಾಗ ಮಾತ್ರ ಅದು ಒಂದು ಹೆಜ್ಜೆ ಹಿಂದಿರುತ್ತದೆ. ಅದನ್ನೂ ಹಿಡಿದುಕೊಳ್ಳಬೇಕಾದವನು ಕ್ಲೀನರೇ. ಸ್ಟೇರಿಂಗ್ ಹಿಡಿದ ಕೈಯಲ್ಲಿ ಮೊಬೈಲ್ ಸಿಕ್ಕರೆ ಅದಕ್ಕೆ ಬೇರೆ ದಂಡ ಕಾದಿದೆ. ಅರವತ್ತು ಒಂದರಲ್ಲೇ ನೋಡಿ ಬಿಡುವುದೂ ಸಾಲದು. ನಲವತ್ತು, ಅರವತ್ತು, ಎಂಬತ್ತು, ಮೂರರಲ್ಲೂ ನೋಡಿ ಚೀಟಿಯಲ್ಲಿ ಬರೆದಿಡಬೇಕು.

ಮುಳ್ಳನ್ನು ತಿರುಚುವ ವೈದ್ಯ

ತಪ್ಪು ಗೊತ್ತಾದ ಮೇಲೆ ಸರಿಪಡಿಸುವ ಬಗ್ಗೆ. ಗಾಜು ಬಿಚ್ಚಿ, ಮುಳ್ಳನ್ನು ಕಿತ್ತು, ಒಂದಿಷ್ಟು ಹಿಂದೆಯೋ ಮುಂದೆಯೋ ಒತ್ತಿ ಕೂರಿಸಿ "ಆಯ್ತು ಅಣ್ಣ, ಕರೆಕ್ಟ್ ಆಗೈತೆ" ಎನ್ನುವ ಮೆಕ್ಯಾನಿಕ್‌ಗಳು ಎಲ್ಲ ಊರಲ್ಲೂ ಇದ್ದಾರೆ. ಇದು ಜ್ವರ ಬಂದವನ ಥರ್ಮಾಮೀಟರನ್ನು ಅಲ್ಲಾಡಿಸಿ ಇಳಿಸಿದ ಹಾಗೆ. ಅರವತ್ತರಲ್ಲಿ ಸರಿಯಾದ ಮುಳ್ಳು ಮೂವತ್ತರಲ್ಲಿ, ಎಂಬತ್ತರಲ್ಲಿ ಮತ್ತೆ ತಪ್ಪುತ್ತದೆ. ಓಡಿದ ದೂರದ ಅಂಕಿ ಇದ್ದಲ್ಲೇ ಇರುತ್ತದೆ.

ಮೊದಲು ರೋಗ ಎಲ್ಲಿದೆ ನೋಡಬೇಕು. ಅದಕ್ಕೊಂದು ಸುಲಭದ ದಾರಿಯಿದೆ. ಇಪ್ಪತ್ತು ಕಲ್ಲು ದಾಟಿ, ಕಿಲೋಮೀಟರ್ ಬರೆಯುವ ಅಂಕಿ ಎಷ್ಟು ಏರಿತು ನೋಡಿ. ಅಂಕಿ ಸರಿಯಾಗಿ ಇಪ್ಪತ್ತೇ ಏರಿ, ಮುಳ್ಳು ಮಾತ್ರ ತಪ್ಪು ಹೇಳುತ್ತಿದ್ದರೆ ದೋಷ ಮೀಟರಿನೊಳಗೆ: ಹಳೆಯದರಲ್ಲಿ ಸ್ಪ್ರಿಂಗು ಅಥವಾ ಅಯಸ್ಕಾಂತ, ಹೊಸದರಲ್ಲಿ ಕಂಪನಿ ಬೇಕೆಂದೇ ಇಟ್ಟ ಹೆಚ್ಚಳ. ಅಂಕಿಯೂ ಮುಳ್ಳೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ದೋಷ ಕೆಳಗೆ: ಟೈರು, ಕ್ರೌನ್, ಅಥವಾ ಮಿಡಿತದ ಸಂಖ್ಯೆ. ಇಷ್ಟು ತಿಳಿಯದೆ ಮೀಟರ್ ಬದಲಾಯಿಸಿದರೆ ದುಡ್ಡೂ ಹೋಯಿತು, ಸುಳ್ಳೂ ಉಳಿಯಿತು.

ಕೇಬಲ್ ಗಾಡಿಯಲ್ಲಿ ಟೈರಿನ ದೋಷಕ್ಕೆ ಮದ್ದು ಗೇರ್‌ಬಾಕ್ಸಿನ ಕಡೆಯ ಸಣ್ಣ ಪಿನಿಯನ್ ಬದಲಾಯಿಸುವುದು. ಹೊಸ ಗಾಡಿಯಲ್ಲಿ ಮದ್ದು ಆ ಮಿಡಿತದ ಸಂಖ್ಯೆ. ಉದಾಹರಣೆಗೆ, ಕಿಲೋಮೀಟರಿಗೆ 8,000 ಮಿಡಿತ ಎಂದು ಬರೆದಿರುವ ಲಾರಿ ಇಪ್ಪತ್ತು ಕಲ್ಲು ದಾಟಿದಾಗ ಅಂಕಿ 19.4 ಮಾತ್ರ ಏರಿತು ಎಂದುಕೊಳ್ಳಿ. 8,000ವನ್ನು 19.4ರಿಂದ ಗುಣಿಸಿ 20ರಿಂದ ಭಾಗಿಸಿದರೆ 7,760. ಅದೇ ಹೊಸ ಸಂಖ್ಯೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಾಕಿ ಬದಲಾಯಿಸುತ್ತಾರೆ. ಆದರೆ ದೊಡ್ಡ ಟೈರು ಹಾಕಿಸಿದ ದಿನವೇ ಯಾರೂ ಅಲ್ಲಿಗೆ ಹೋಗಿ ಹೇಳುವುದಿಲ್ಲ, ಹೇಳಬೇಕೆಂಬುದೇ ಬಹುಮಂದಿಗೆ ಗೊತ್ತಿಲ್ಲ.

ಸ್ಪೀಡ್ ಗವರ್ನರ್ ಇರುವ ಗಾಡಿಗೆ ಈ ಮಾತು ಇನ್ನೂ ಮುಖ್ಯ. ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮಕ್ಕೆ 2015ರಲ್ಲಿ ಬಂದ ತಿದ್ದುಪಡಿಯಿಂದ ಸಾರಿಗೆ ವಾಹನಗಳಿಗೆ 80ರ ಕಡಿವಾಣ, ಟ್ಯಾಂಕರ್, ಟಿಪ್ಪರ್, ಶಾಲಾ ಬಸ್ಸುಗಳಿಗೆ 60ರದ್ದು. ಆ ಕಡಿವಾಣಕ್ಕೂ ವೇಗ ತಿಳಿಯುವುದು ಅದೇ ಮಿಡಿತಗಳಿಂದ. ಮಿಡಿತದ ಲೆಕ್ಕ ತಪ್ಪಿದ್ದರೆ ಕಡಿವಾಣವೂ ತಪ್ಪಿದ ಜಾಗದಲ್ಲೇ ಬಿಗಿಯುತ್ತದೆ. ಸೆನ್ಸರಿನ ಪ್ಲಗ್ಗನ್ನೇ ಕಿತ್ತುಹಾಕುವ ಜಾಣರ ವಿಷಯ ಬೇರೆ. ಮುಳ್ಳೂ ಸತ್ತು, ಅಂಕಿಯೂ ನಿಂತ ಅಂಥ ಗಾಡಿಯನ್ನು "ಕಡಿಮೆ ಓಡಿದ್ದು ಸಾರ್" ಎಂದು ಮಾರುವುದೂ ಉಂಟು, ಕೊಳ್ಳುವವರೂ ಉಂಟು.

ಎಫ್.ಸಿ. ದಿನ ಏನಾಗಬೇಕು

ಯೂರೋಪಿನಲ್ಲಿ ಲಾರಿಗಳಿಗೆ ವೇಗ, ದೂರ, ಡ್ರೈವರ್ ಕೂತ ಹೊತ್ತು ಎಲ್ಲವನ್ನೂ ಬರೆದಿಡುವ ಟ್ಯಾಕೋಗ್ರಾಫ್ ಇದೆ. ಅದನ್ನು ಎರಡು ವರ್ಷಕ್ಕೊಮ್ಮೆ ಸರ್ಕಾರ ಒಪ್ಪಿದ ವರ್ಕ್‌ಶಾಪಿನಲ್ಲಿ ಪರೀಕ್ಷೆ ಮಾಡಿಸಲೇಬೇಕು. ಅಲ್ಲಿ ಟೈರಿನ ಸುತ್ತಳತೆ ಅಳೆದು, ಮಿಡಿತ ಎಣಿಸಿ, ಎರಡನ್ನೂ ದಿನಾಂಕದ ಸಮೇತ ಒಂದು ಚೀಟಿಯಲ್ಲಿ ಬರೆದು ಗಾಡಿಯೊಳಗೇ ಅಂಟಿಸುತ್ತಾರೆ. ಟೈರಿನ ಸೈಜು ಬದಲಾದರೆ ಮತ್ತೆ ಬರಬೇಕು. ಲಾರಿ ಮೀಟರಿಗೂ ತಕ್ಕಡಿಯ ಮರ್ಯಾದೆ.

ಇಲ್ಲಿಯೂ ದಾರಿ ಇಲ್ಲವೆಂದಲ್ಲ. ಸ್ಪೀಡೋಮೀಟರ್ ಇರಲೇಬೇಕೆಂದು 117ನೇ ನಿಯಮ ಹೇಳುತ್ತದೆ. 2021ರಲ್ಲಿ ಬಂದ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮದಲ್ಲಿ ರೋಲರ್ ಮೇಲೆ ಚಕ್ರ ತಿರುಗಿಸಿ ಸ್ಪೀಡೋಮೀಟರ್, ಗವರ್ನರ್ ಎರಡನ್ನೂ ನೋಡುವ ಏರ್ಪಾಡಿದೆ. ಭಾರಿ ವಾಹನಗಳ ಎಫ್.ಸಿ. ಇಂಥ ಕೇಂದ್ರಗಳಲ್ಲೇ ಆಗಬೇಕೆಂದು ಹೊರಟ ಆದೇಶದ ಗಡುವು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಯಿತು. ಕೇಂದ್ರ ಇಲ್ಲದ ಕಡೆ ಬ್ರೇಕ್ ಇನ್‌ಸ್ಪೆಕ್ಟರ ಕಣ್ಣೇ ಯಂತ್ರ. ಇನ್‌ಸ್ಪೆಕ್ಟರು ಒಂದು ಕೆಲಸ ಮಾಡಬಹುದು: ಆರ್.ಸಿ.ಯಲ್ಲಿ ಇರುವ ಟೈರಿನ ಸೈಜನ್ನೂ ಗಾಡಿಯ ಟೈರಿನ ಮೈಮೇಲೆ ಬರೆದ ಸೈಜನ್ನೂ ತಾಳೆ ನೋಡುವುದು. ಒಂದು ನಿಮಿಷದ ಕೆಲಸ. ಯಂತ್ರ ಬರುವ ತನಕ ಅರ್ಧ ಸುಳ್ಳು ಅಲ್ಲೇ ಹಿಡಿಯಬಹುದು. ಗುಯಿಲಾಳು ಟೋಲಿನ ಆಚೀಚೆ ಐದು ಕಿಲೋಮೀಟರನ್ನು ಸರಿಯಾಗಿ ಅಳೆದು "ಮೀಟರ್ ಪರೀಕ್ಷೆ ಇಲ್ಲಿಂದ", "ಇಲ್ಲಿಗೆ" ಎಂದು ಎರಡು ಬೋರ್ಡು ಹಾಕಿಸುವುದು ಹೆದ್ದಾರಿಯವರಿಗೆ ದೊಡ್ಡ ಖರ್ಚಲ್ಲ. ಲಾರಿ ಮಾಲೀಕರ ಸಂಘಗಳು ಡೀಸೆಲ್ ದರಕ್ಕೆ ಕೊಡುವ ಮನವಿಯ ಜೊತೆಗೇ ಇದನ್ನೂ ಒಂದು ಸಾಲಿನಲ್ಲಿ ಬರೆಯಬಹುದು.

ಬಸ್ಸಿನಲ್ಲಿ ಕೂತವರು

ಇದೆಲ್ಲ ಲಾರಿಯವರ ತಾಪತ್ರಯ ಎಂದು ಬಸ್ ಪ್ರಯಾಣಿಕರು ಕೈತೊಳೆಯುವಂತಿಲ್ಲ. ಬಸ್ಸಿನ ಮೀಟರೂ ಅದೇ ಜಾತಿಯದು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತವರು ಒಮ್ಮೆ ಇಣುಕಿ ನೋಡಿದರೆ ಸೊನ್ನೆಯ ಮೇಲೆ ಒರಗಿ ನಿದ್ದೆ ಹೊಡೆಯುವ ಮುಳ್ಳುಗಳು ಎಷ್ಟೋ ಕಾಣಸಿಗುತ್ತವೆ. ಸರ್ವಿಸ್ ಬಸ್ಸುಗಳ ಟೈಮಿಂಗ್ ಪೈಪೋಟಿಯಂತೂ ಹೇಳಿತೀರದು. ಹಿಂದಿನ ಗಾಡಿ ಬರುವುದರೊಳಗೆ ಮುಂದಿನ ಸ್ಟಾಪು ಸೇರಬೇಕು.

ಅದೇ 183ನೇ ಕಲಮಿನಲ್ಲಿ ಬಹಳ ಜನ ಓದದ ಒಂದು ಭಾಗವಿದೆ. ಮಿತಿ ಮೀರದೆ ಮುಟ್ಟಲು ಸಾಧ್ಯವೇ ಇಲ್ಲದಂಥ ಟೈಂ ಟೇಬಲ್ ಹೊರಡಿಸಿದವರು, ಇಷ್ಟು ಹೊತ್ತಿಗೆ ಮುಟ್ಟಲೇಬೇಕೆಂದು ಅಪ್ಪಣೆ ಮಾಡಿದವರು ಮೇಲ್ನೋಟಕ್ಕೇ ತಪ್ಪಿತಸ್ಥರೆಂದು ಕೋರ್ಟು ಹಿಡಿಯಬಹುದು. ದಂಡ ಡ್ರೈವರ್‌ಗೆ ಮಾತ್ರ ಎಂದುಕೊಂಡ ಮಾಲೀಕರು ಇದನ್ನು ಒಮ್ಮೆ ಓದಿಸಿ ಕೇಳುವುದು ಒಳ್ಳೆಯದು. "ರಾತ್ರಿ ಹತ್ತಕ್ಕೆ ಹುಬ್ಬಳ್ಳಿ ಮಾರ್ಕೆಟ್ಟಲ್ಲಿ ಗಾಡಿ ಇರಬೇಕು" ಎಂದು ಫೋನಿನಲ್ಲಿ ಹೇಳುವ ಲಾರಿಯವರಿಗೂ ಇದು ಅನ್ವಯ.

ಪ್ರಯಾಣಿಕರಿಗೆ ಮೀಟರಿನ ಹಂಗೂ ಬೇಕಿಲ್ಲ. ರಾಜ್ಯ ಹೆದ್ದಾರಿಯ ಹಸಿರು ತಲೆಯ ಕಲ್ಲುಗಳ ನಡುವೆ ಇನ್ನೂರು ಮೀಟರಿಗೊಂದು ಸಣ್ಣ ಕಲ್ಲು ಇರುತ್ತದೆ. ಎರಡು ಪಥದ ರಸ್ತೆಯಲ್ಲಿ ಬಸ್ಸಿನ ಮಿತಿ ಅರವತ್ತು. ಕಿಟಕಿ ಪಕ್ಕ ಕೂತವರು ವಾಚು ನೋಡುತ್ತಾ ಒಂದು ಸಣ್ಣ ಕಲ್ಲಿನಿಂದ ಮುಂದಿನದಕ್ಕೆ ಎಣಿಸಬೇಕು. ಅರವತ್ತರಲ್ಲಿ ಹನ್ನೆರಡು ಸೆಕೆಂಡು. ಹತ್ತು ಕಲ್ಲುಗಳ ನಡುವಿನ ಒಂಬತ್ತು ಅಂತರಕ್ಕೆ 108 ಸೆಕೆಂಡು. ತೊಂಬತ್ತಕ್ಕೇ ಮುಗಿದುಹೋದರೆ ಬಸ್ಸು ಎಪ್ಪತ್ತೆರಡರಲ್ಲಿದೆ, ಡ್ರೈವರ್ ಮುಂದಿನ ಮುಳ್ಳು ಏನೇ ಹೇಳುತ್ತಿರಲಿ.